ಹೆಸರು ಒಂದು ಕಡೆ, ಸೈಕಲ್ ಒಂದು ಕಡೆ: ಹಿಂದೂಪುರದ ಹರಿಕೃಷ್ಣ ರಾಜಕೀಯ

ಹಿಂದೂಪುರ: ಗೌರಿಬಿದನೂರಿನಿಂದ ಬಸ್ ಹತ್ತಿದರೆ ಕೂತ ಜಾಗ ಬಿಸಿಯಾಗುವಷ್ಟರಲ್ಲಿ ಹಿಂದೂಪುರ ಬರುತ್ತದೆ. ಇಲ್ಲಿಂದ ಬೆಂಗಳೂರು ನೂರು ಕಿಲೋಮೀಟರ್ ಆಸುಪಾಸು. ಮೂರು ದಶಕಕ್ಕೂ ಹೆಚ್ಚು ಕಾಲ ಈ ಊರಿನ ರಾಜಕೀಯ ನಡೆದದ್ದು ಹೈದರಾಬಾದಿನಿಂದ. ಅದು ಇದರ ನಾಲ್ಕು ಪಟ್ಟಿಗೂ ಹೆಚ್ಚು ದೂರ. ಊರಿಗೆ ಶಾಸಕರಾಗಿ ಬಂದ ನಂದಮೂರಿ ಮನೆತನದ ಮೂಲ ಇನ್ನೂ ಆಚೆ, ಕೃಷ್ಣಾ ಜಿಲ್ಲೆಯ ನಿಮ್ಮಕೂರು. ತಂದೆ ಎನ್.ಟಿ. ರಾಮರಾವ್, ಮಗ ಹರಿಕೃಷ್ಣ, ಇನ್ನೊಬ್ಬ ಮಗ ಬಾಲಕೃಷ್ಣ, ಹೀಗೆ ಒಂದೇ ಮನೆಯ ಮೂವರನ್ನು ಹಿಂದೂಪುರ ವಿಧಾನಸಭೆಗೆ ಕಳಿಸಿದೆ.

ಮೂವರಲ್ಲಿ ತಂದೆಯ ಕಥೆ ಎಲ್ಲರಿಗೂ ಗೊತ್ತು, ಬಾಲಕೃಷ್ಣ ಅವರದು ಕಣ್ಣೆದುರೇ ಇದೆ. ನಡುವಿನ ಹರಿಕೃಷ್ಣ ಅವರನ್ನು ಮಾತ್ರ ಜನ ಬೇಗ ಮರೆತರು. ಆದರೆ ದೊಡ್ಡ ಮನೆತನದ ಹೆಸರು ರಾಜಕೀಯದಲ್ಲಿ ಎಷ್ಟು ದೂರ ಕರೆದೊಯ್ಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂದು ತಿಳಿಯಬೇಕಾದರೆ ನೋಡಬೇಕಾದದ್ದು ಅವರದೇ ದಾರಿ.

ಮೂರು ಕಡೆ ನಿಂತು ಒಂದನ್ನು ಉಳಿಸಿಕೊಂಡವರು

ಎನ್‌ಟಿಆರ್ ತೆಲುಗುದೇಶಂ ಪಕ್ಷ ಕಟ್ಟಿದ್ದು 1982ರ ಮಾರ್ಚ್ 29ರಂದು. ಒಂಬತ್ತು ತಿಂಗಳಲ್ಲಿ ಚುನಾವಣೆ ಬಂತು. 1983ರ ಜನವರಿಯಲ್ಲಿ 294 ಸ್ಥಾನಗಳ ವಿಧಾನಸಭೆಯಲ್ಲಿ 200ಕ್ಕೂ ಹೆಚ್ಚು ಸ್ಥಾನ ಗೆದ್ದು ಅವರು ಮುಖ್ಯಮಂತ್ರಿಯಾದರು. ಆಗ ಅವರು ನಿಂತದ್ದು ಹಿಂದೂಪುರದಲ್ಲಲ್ಲ, ಗುಡಿವಾಡ ಮತ್ತು ತಿರುಪತಿಯಲ್ಲಿ.

1984ರ ಆಗಸ್ಟ್‌ನಲ್ಲಿ ರಾಜ್ಯಪಾಲ ರಾಮಲಾಲ್ ಅವರ ಸರ್ಕಾರವನ್ನು ವಜಾ ಮಾಡಿ ನಾದೆಂಡ್ಲ ಭಾಸ್ಕರರಾವ್ ಅವರನ್ನು ಗದ್ದುಗೆಗೆ ಏರಿಸಿದರು. ತಮ್ಮ ಶಾಸಕರನ್ನು ಎದುರು ಪಾಳೆಯದ ಕೈಗೆ ಸಿಗದಂತೆ ಕಾಯಲು ಎನ್‌ಟಿಆರ್ ಬಣ ಅವರನ್ನು ಕರೆತಂದದ್ದು ಕರ್ನಾಟಕಕ್ಕೆ. ಇಲ್ಲಿ ರಾಮಕೃಷ್ಣ ಹೆಗಡೆ ಅವರ ಸರ್ಕಾರವಿತ್ತು, ನಂದಿಬೆಟ್ಟದಲ್ಲಿ ಶಾಸಕರು ತಂಗಿದರು. ಈಗ ಪ್ರತಿ ರಾಜ್ಯದಲ್ಲೂ ನಡೆಯುವ 'ರೆಸಾರ್ಟ್ ರಾಜಕೀಯ'ದ ಹಿರಿಯಜ್ಜ ಅದು. ಒಂದೇ ತಿಂಗಳಲ್ಲಿ, ಸೆಪ್ಟೆಂಬರ್ 16ಕ್ಕೆ, ಎನ್‌ಟಿಆರ್ ಮತ್ತೆ ಮುಖ್ಯಮಂತ್ರಿಯಾದರು.

ಆಮೇಲೆ 1985ರ ಮಾರ್ಚ್‌ನಲ್ಲಿ ಹೊಸದಾಗಿ ಚುನಾವಣೆ. ಆಗ ಅವರು ಮೂರು ಕಡೆ ಅರ್ಜಿ ಹಾಕಿದರು: ಕರಾವಳಿ ಆಂಧ್ರದ ಗುಡಿವಾಡ, ತೆಲಂಗಾಣದ ನಲ್ಗೊಂಡ, ರಾಯಲಸೀಮೆಯ ಹಿಂದೂಪುರ. ಮೂರು ಪ್ರಾಂತ್ಯಕ್ಕೂ ತಾನೇ ನಾಯಕ ಎಂದು ತೋರಿಸುವ ಲೆಕ್ಕ ಅದರಲ್ಲಿತ್ತು. ಮೂರೂ ಕಡೆ ಗೆದ್ದರು. ಕಾನೂನಿನಂತೆ ಒಂದನ್ನು ಮಾತ್ರ ಇಟ್ಟುಕೊಳ್ಳಬೇಕು. ಹುಟ್ಟಿದ ಜಿಲ್ಲೆಯ ಗುಡಿವಾಡವನ್ನು ಬಿಟ್ಟು ಹಿಂದೂಪುರವನ್ನು ಉಳಿಸಿಕೊಂಡರು. ಗಡಿಯ ಒಂದು ಊರು ಹೀಗೆ ಮುಖ್ಯಮಂತ್ರಿಯ ಕ್ಷೇತ್ರವಾಯಿತು.

ಹಿಂದೂಪುರಕ್ಕೆ ದೊಡ್ಡ ಹೆಸರುಗಳು ಹೊಸತಲ್ಲ. 1967ರಲ್ಲಿ ಇಲ್ಲಿನ ಲೋಕಸಭಾ ಕ್ಷೇತ್ರದಿಂದ ಗೆದ್ದ ನೀಲಂ ಸಂಜೀವ ರೆಡ್ಡಿ ಲೋಕಸಭೆಯ ಸ್ಪೀಕರ್ ಆದರು, ಮುಂದೆ ರಾಷ್ಟ್ರಪತಿಯೂ ಆದರು. ಆದರೆ ಅವರು ಅನಂತಪುರ ಜಿಲ್ಲೆಯವರೇ. ಹೊರಗಿನಿಂದ ಬಂದು ಬೇರು ಬಿಟ್ಟವರು ನಂದಮೂರಿಯವರು.

ಅಷ್ಟು ಸುಲಭವಾಗಿ ಬೇರು ಬಿಟ್ಟಿದ್ದು ಹೇಗೆ? ಸಿನಿಮಾ ಒಂದು ಕಾರಣ, ನಿಜ. ಗೌರಿಬಿದನೂರು, ಪಾವಗಡ, ಮಡಕಶಿರಾ ಕಡೆಯ ಹಿರಿಯರು ರಾಜ್‌ಕುಮಾರ್ ಚಿತ್ರವನ್ನೂ ಎನ್‌ಟಿಆರ್ ಚಿತ್ರವನ್ನೂ ಒಂದೇ ಟೂರಿಂಗ್ ಟಾಕೀಸಿನಲ್ಲಿ ನೋಡಿದವರು. ಆದರೆ ಬರೀ ಕೃಷ್ಣನ ವೇಷಕ್ಕೆ ಜನ ಹತ್ತು ವರ್ಷ ಮತ ಹಾಕುವುದಿಲ್ಲ. ಅವರ ಸರ್ಕಾರದ ಕೆಲವು ತೀರ್ಮಾನಗಳು ಗಡಿಯ ಹಳ್ಳಿಗಳನ್ನು ನೇರವಾಗಿ ಮುಟ್ಟಿದವು.

ಎರಡು ರೂಪಾಯಿಗೆ ಕಿಲೋ ಅಕ್ಕಿ ಮೊದಲನೆಯದು. ರಾಗಿಮುದ್ದೆಯ ಸೀಮೆಯಲ್ಲಿ ಬಡವರ ಮನೆಗೆ ದಿನವೂ ಅನ್ನ ಬಂತು. ತೆಲುಗಿನಲ್ಲಿ 'ಅನ್ನ' ಎಂದರೆ ಅಣ್ಣ, ಕನ್ನಡದಲ್ಲಿ ಊಟ. ಎರಡೂ ಭಾಷೆ ಬಲ್ಲವರಿಗೆ 'ಅನ್ನ' ಎನ್‌ಟಿಆರ್ ಎರಡೂ ಅರ್ಥದಲ್ಲಿ ಒಪ್ಪಿಗೆಯಾದರು.

ಎರಡನೆಯದು 1984ರಲ್ಲಿ ವಂಶಪಾರಂಪರ್ಯವಾಗಿ ಬರುತ್ತಿದ್ದ ಕರಣಂ, ಮುನಸಬು ಹುದ್ದೆಗಳ ರದ್ದು. ಕರ್ನಾಟಕದಲ್ಲಿ ಶಾನುಭೋಗ, ಪಟೇಲರ ಹುದ್ದೆಗಳು 1960ರ ದಶಕದಲ್ಲೇ ಹೋಗಿದ್ದವು. ಗಡಿಯ ಈಚೆ ಪಹಣಿಗಾಗಿ ಒಂದೇ ಮನೆಯ ಜಗಲಿಯ ಮುಂದೆ ನಿಲ್ಲುವುದು ಇನ್ನೂ ಇತ್ತು. ಮರುವರ್ಷ ತಾಲ್ಲೂಕುಗಳನ್ನು ಒಡೆದು ಸಣ್ಣ ಮಂಡಲಗಳನ್ನು ಮಾಡಿದರು. ರೊಳ್ಳ, ಅಮರಾಪುರದಂಥ ಊರುಗಳಿಗೆ ಕಚೇರಿ ಬಂದದ್ದು ಹಾಗೆ. (ಕರ್ನಾಟಕದಲ್ಲೂ ಹೆಗಡೆ ಕಾಲದಲ್ಲಿ 'ಮಂಡಲ ಪಂಚಾಯಿತಿ' ಇದ್ದವು. 1993ರ ಕಾನೂನಿನಿಂದ ಅವು ಗ್ರಾಮ ಪಂಚಾಯಿತಿಗಳಾದವು. ಆಂಧ್ರದ ಮಂಡಲ ಮಾತ್ರ ಉಳಿಯಿತು.)

ಮೂರನೆಯದು ಹೆಣ್ಣುಮಕ್ಕಳ ಆಸ್ತಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂಬ ತಿದ್ದುಪಡಿ ಆಂಧ್ರದಲ್ಲಿ 1985ರ ಸೆಪ್ಟೆಂಬರ್ 5ರಿಂದ ಜಾರಿಗೆ ಬಂತು. ಕರ್ನಾಟಕದಲ್ಲಿ ಅದು ಬಂದದ್ದು 1994ರ ಜುಲೈ 30ರಿಂದ, ಇಡೀ ದೇಶಕ್ಕೆ 2005ರಲ್ಲಿ. ಎರಡು ಕಡೆಯೂ ಆ ದಿನಕ್ಕೆ ಮೊದಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟಿದ್ದರು. ಹೆಣ್ಣು ಕೊಟ್ಟು ತಂದು ಗಡಿ ಮರೆತ ಈ ಸೀಮೆಯಲ್ಲಿ ಇದರಿಂದ ಒಂದು ವಿಚಿತ್ರವೂ ಆಯಿತು. 1990ರಲ್ಲಿ ಮದುವೆಯಾದ ಹಿಂದೂಪುರದ ಹುಡುಗಿಗೆ ತವರಿನಲ್ಲಿ ಪಾಲು ಕೇಳುವ ಹಕ್ಕಿತ್ತು, ಅದೇ ವರ್ಷ ಮದುವೆಯಾದ ಗೌರಿಬಿದನೂರಿನ ಅವಳ ಓರಗಿತ್ತಿಗೆ ಇರಲಿಲ್ಲ.

ಆದ್ದರಿಂದ 1989ರಲ್ಲಿ ರಾಜ್ಯವೆಲ್ಲ ಕಾಂಗ್ರೆಸ್ ಕಡೆ ತಿರುಗಿದಾಗಲೂ ಹಿಂದೂಪುರ ತಿರುಗಲಿಲ್ಲ. ಆ ಸಲ ಎನ್‌ಟಿಆರ್ ಎರಡು ಕಡೆ ನಿಂತಿದ್ದರು. ತೆಲಂಗಾಣದ ಕಲ್ವಕುರ್ತಿ ಅವರನ್ನು ಸೋಲಿಸಿತು, ಹಿಂದೂಪುರ ಗೆಲ್ಲಿಸಿತು. 1994ರಲ್ಲಿ ಟೆಕ್ಕಲಿ ಮತ್ತು ಹಿಂದೂಪುರ ಎರಡರಲ್ಲೂ ಗೆದ್ದು ಮತ್ತೆ ಹಿಂದೂಪುರವನ್ನೇ ಇಟ್ಟುಕೊಂಡರು. ಪಕ್ಷಕ್ಕೆ 216 ಸ್ಥಾನ ಬಂದಿತ್ತು.

ರಥದ ಸಾರಥಿ

ಹರಿಕೃಷ್ಣ ಹುಟ್ಟಿದ್ದು 1956ರ ಸೆಪ್ಟೆಂಬರ್ 2ರಂದು. ಬಾಲಕನಾಗಿ 1967ರ 'ಶ್ರೀ ಕೃಷ್ಣಾವತಾರಂ'ನಲ್ಲಿ ಬಣ್ಣ ಹಚ್ಚಿದರೂ ತಂದೆಯಂತೆ, ತಮ್ಮನಂತೆ ಸಿನಿಮಾವನ್ನೇ ಕಸುಬು ಮಾಡಿಕೊಳ್ಳಲಿಲ್ಲ. ಜನ ಅವರನ್ನು ಮೊದಲು ಗುರುತಿಸಿದ್ದು ಸ್ಟಿಯರಿಂಗ್ ಹಿಂದೆ. ಪಕ್ಷ ಕಟ್ಟಿದ ಎನ್‌ಟಿಆರ್ ಹಳೆಯ ಷೆವರ್ಲೆ ವ್ಯಾನೊಂದನ್ನು ಮಾರ್ಪಡಿಸಿ 'ಚೈತನ್ಯ ರಥಂ' ಎಂದು ಹೆಸರಿಟ್ಟು ಊರೂರು ತಿರುಗಿದರು. ಮೇಲೆ ನಿಂತು ಮಾತನಾಡುವವರು ತಂದೆ, ಕೆಳಗೆ ಕುಳಿತು ಸಾವಿರಾರು ಕಿಲೋಮೀಟರ್ ಓಡಿಸಿದವರು ಮಗ. ಖಾಕಿ ಬಟ್ಟೆ ಹಾಕಿಕೊಂಡು ಗಾಡಿ ಓಡಿಸುತ್ತಿದ್ದ ಹರಿಕೃಷ್ಣರನ್ನು ಪಕ್ಷದ ಹಳಬರು 'ರಥಸಾರಥಿ' ಎಂದೇ ಕರೆದರು.

ಸಾರಥಿ ಎಂಬ ಮಾತು ಗೌರವದ್ದೇ. ಆದರೆ ಅದರಲ್ಲೇ ಅವರ ಮುಂದಿನ ತೊಡಕೂ ಇತ್ತು. ತಂದೆ ನಾಯಕರಾಗಿದ್ದಾಗ ಪಕ್ಷದ ಸಂಘಟನೆ, ಲೆಕ್ಕಾಚಾರ, ಶಾಸಕರ ಸಂಪರ್ಕ ಎಲ್ಲವನ್ನೂ ಕೈಗೆ ತೆಗೆದುಕೊಂಡವರು ಅಳಿಯಂದಿರು: ನಾರಾ ಚಂದ್ರಬಾಬು ನಾಯ್ಡು ಮತ್ತು ದಗ್ಗುಬಾಟಿ ವೆಂಕಟೇಶ್ವರರಾವ್. ಮಗನ ಬಳಿ ಹೆಸರಿತ್ತು, ಕಾರ್ಯಕರ್ತರ ಪ್ರೀತಿಯಿತ್ತು. ಶಾಸಕರ ಪಟ್ಟಿ ಅಳಿಯನ ಜೇಬಿನಲ್ಲಿತ್ತು.

ಅದು ಬಯಲಾದದ್ದು 1995ರ ಆಗಸ್ಟ್‌ನಲ್ಲಿ. ಎನ್‌ಟಿಆರ್ 1993ರಲ್ಲಿ ಲಕ್ಷ್ಮೀ ಪಾರ್ವತಿ ಅವರನ್ನು ಮದುವೆಯಾಗಿದ್ದರು. ಪಕ್ಷದಲ್ಲೂ ಸರ್ಕಾರದಲ್ಲೂ ಅವರ ಮಾತು ಹೆಚ್ಚಾಗುತ್ತಿದೆ ಎಂದು ಮನೆಯವರು, ಶಾಸಕರು ಅಸಮಾಧಾನಗೊಂಡರು. ಹೈದರಾಬಾದಿನ ವೈಸ್‌ರಾಯ್ ಹೋಟೆಲಿನಲ್ಲಿ ನಾಯ್ಡು ಬಹುಮತದ ಶಾಸಕರನ್ನು ಸೇರಿಸಿದರು. ಎನ್‌ಟಿಆರ್ ತಮ್ಮ ರಥದಲ್ಲೇ ಹೋಟೆಲಿನ ಮುಂದೆ ಹೋಗಿ ಅವರನ್ನು ಕರೆದರು. ಈ ಸಲ ಸಾರಥಿ ಮಗ ರಥದ ಕಡೆಗಿರಲಿಲ್ಲ, ಹೋಟೆಲಿನ ಕಡೆಗಿದ್ದರು. ಎನ್‌ಟಿಆರ್ ಅವಮಾನಪಟ್ಟು ವಾಪಸಾದರು. ಸೆಪ್ಟೆಂಬರ್ 1ರಂದು ನಾಯ್ಡು ಮುಖ್ಯಮಂತ್ರಿಯಾದರು. ನಾಲ್ಕೂವರೆ ತಿಂಗಳಲ್ಲಿ, 1996ರ ಜನವರಿ 18ರಂದು, ಹಿಂದೂಪುರದ ಶಾಸಕರಾಗಿಯೇ ಎನ್‌ಟಿಆರ್ ತೀರಿಕೊಂಡರು.

ಮಗ ಯಾಕೆ ತಂದೆಯ ಕಡೆ ನಿಲ್ಲಲಿಲ್ಲ ಎಂಬುದಕ್ಕೆ ಇಂದಿಗೂ ಎರಡು ಉತ್ತರಗಳಿವೆ. ಮನೆಯನ್ನೂ ಪಕ್ಷವನ್ನೂ ಉಳಿಸಲು ಎಂದು ಒಂದು ಕಡೆಯವರು. ಅಳಿಯನ ಲೆಕ್ಕ ಅರ್ಥವಾಗದೆ ಹೆಸರು ಎರವಲು ಕೊಟ್ಟರು ಎಂದು ಇನ್ನೊಂದು ಕಡೆಯವರು. ಆಮೇಲೆ ನಡೆದದ್ದನ್ನು ನೋಡಿದರೆ ಎರಡನೆಯ ಮಾತಿಗೇ ತೂಕ ಹೆಚ್ಚು.

ಮಂತ್ರಿ ಮೊದಲು, ಶಾಸಕ ಆಮೇಲೆ

ನಾಯ್ಡು ಸಂಪುಟದಲ್ಲಿ ಹರಿಕೃಷ್ಣ ಸಾರಿಗೆ ಮಂತ್ರಿಯಾದರು. ಆಗ ಅವರು ಶಾಸಕರಲ್ಲ. ಸಂವಿಧಾನದ 164ನೇ ವಿಧಿಯಂತೆ ಸದನದ ಸದಸ್ಯರಲ್ಲದವರೂ ಮಂತ್ರಿಯಾಗಬಹುದು, ಆದರೆ ಆರು ತಿಂಗಳೊಳಗೆ ಆಯ್ಕೆಯಾಗಿ ಬರಬೇಕು, ಇಲ್ಲವಾದರೆ ಕುರ್ಚಿ ಬಿಡಬೇಕು. ಸರ್ಕಾರಿ ಬಸ್ಸುಗಳಲ್ಲಿ ಮಹಿಳಾ ಕಂಡಕ್ಟರುಗಳ ನೇಮಕಕ್ಕೆ ದಾರಿ ಮಾಡಿದವರು ಅವರೇ ಎಂದು ಪಕ್ಷದವರು ನೆನೆಯುತ್ತಾರೆ.

ತಂದೆ ತೀರಿಕೊಂಡದ್ದರಿಂದ ತೆರವಾದ ಹಿಂದೂಪುರಕ್ಕೆ 1996ರಲ್ಲಿ ಉಪಚುನಾವಣೆ ನಡೆಯಿತು. ಹರಿಕೃಷ್ಣ ನಿಂತರು, ಗೆದ್ದರು. ಆ ಹೊತ್ತಿಗೆ ತೆಲುಗುದೇಶಂ ಎರಡಾಗಿತ್ತು. ಲಕ್ಷ್ಮೀ ಪಾರ್ವತಿ ಎನ್‌ಟಿಆರ್ ಹೆಸರಿನಲ್ಲೇ ಬೇರೆ ಪಕ್ಷ ನಡೆಸುತ್ತಿದ್ದರು. ಆದರೆ ಸೈಕಲ್ ಗುರುತು ಇದ್ದದ್ದು ನಾಯ್ಡು ಕಡೆ. ಹಿಂದೂಪುರದ ಮತದಾರರ ಮುಂದೆ ಆ ಸಲ ಹೆಸರೂ ಸೈಕಲ್ಲೂ ಒಂದೇ ಕಡೆ ಇದ್ದವು. ಹೀಗಾಗಿ ಯಾವುದಕ್ಕೆ ಮತ ಬಿತ್ತು ಎಂದು ಬೇರೆ ಮಾಡಿ ಹೇಳುವಂತಿರಲಿಲ್ಲ.

ಮಂತ್ರಿಗಿರಿ ಬಹಳ ದಿನ ಉಳಿಯಲಿಲ್ಲ. ಗೆದ್ದ ಮೇಲೂ ಸರ್ಕಾರದಲ್ಲಿ ಅವರ ಮಾತಿಗೆ ಬೆಲೆ ಕಾಣಲಿಲ್ಲ. ಸೋದರಿಯ ಗಂಡ ಮುಖ್ಯಮಂತ್ರಿ, ತಾನು ಪಕ್ಷ ಕಟ್ಟಿದವರ ಮಗ, ಆದರೂ ಮೂಲೆಗುಂಪು ಎಂಬ ಕೊರಗು ಹೊರಗೆ ಬಂತು. 1999ರ ಜನವರಿ 26ರಂದು ಅವರು 'ಅನ್ನ ತೆಲುಗುದೇಶಂ' ಎಂಬ ಸ್ವಂತ ಪಕ್ಷ ಆರಂಭಿಸಿದರು. ತಂದೆಯ ಹೆಸರು, ತಂದೆಯ ಚಿತ್ರ, ತಂದೆಯ ಮಾತು ಎಲ್ಲವೂ ಇದ್ದವು. ಸೈಕಲ್ ಇರಲಿಲ್ಲ.

ಅದೇ ವರ್ಷದ ಚುನಾವಣೆಯೇ ನಿಜವಾದ ಪರೀಕ್ಷೆ. ಹರಿಕೃಷ್ಣ ಹಿಂದೂಪುರವನ್ನು ಬಿಟ್ಟು ತಂದೆಯ ಹುಟ್ಟಿದ ಸೀಮೆಯಾದ ಗುಡಿವಾಡಕ್ಕೆ ಹೋದರು. ಅಲ್ಲಿ ಸೋತರು. ಅವರ ಪಕ್ಷಕ್ಕೆ ಇಡೀ ರಾಜ್ಯದಲ್ಲಿ ಒಂದು ಸ್ಥಾನವೂ ಬರಲಿಲ್ಲ. ಲಕ್ಷ್ಮೀ ಪಾರ್ವತಿ ಅವರ ಪಕ್ಷಕ್ಕೂ ಅದೇ ಗತಿ. ನಾಯ್ಡು 180 ಸ್ಥಾನ ಗೆದ್ದರು. ಹಿಂದೂಪುರದಲ್ಲಿ ಸೈಕಲ್ ಗುರುತಿನಲ್ಲಿ ನಿಂತ ಸಿ.ಸಿ. ವೆಂಕಟರಾಮುಡು ಗೆದ್ದರು. ನಂದಮೂರಿ ಮನೆಯ ಯಾರೂ ಕಣದಲ್ಲಿ ಇಲ್ಲದಿದ್ದರೂ ಊರು ಸೈಕಲ್ಲನ್ನು ಬಿಡಲಿಲ್ಲ. 2004ರಲ್ಲಿ ಪಾಮಿಶೆಟ್ಟಿ ರಂಗನಾಯಕುಲು, 2009ರಲ್ಲಿ ಅಬ್ದುಲ್ ಘನಿ, ಇಬ್ಬರೂ ತೆಲುಗುದೇಶಂನವರೇ. ಆ ಎರಡೂ ಸಲ ರಾಜ್ಯದಲ್ಲಿ ಗೆದ್ದದ್ದು ವೈ.ಎಸ್. ರಾಜಶೇಖರ ರೆಡ್ಡಿ ಅವರ ಕಾಂಗ್ರೆಸ್.

'ಹಿಂದೂಪುರ ನಂದಮೂರಿಯವರ ಕೋಟೆ' ಎಂದು ಪತ್ರಿಕೆಗಳು ಬರೆಯುತ್ತವೆ. ಲೆಕ್ಕ ನೋಡಿದರೆ ಅದು ಸೈಕಲ್ಲಿನ ಕೋಟೆ. ಕೋಟೆಯೊಳಗೆ ನಂದಮೂರಿಯವರಿಗೆ ಒಳ್ಳೆಯ ಮನೆ ಇದೆ, ಅಷ್ಟೆ.

ತೆಲುಗಿನಲ್ಲೇ ಮಾತು

ಸೋಲಿನ ನಂತರ ಹರಿಕೃಷ್ಣ ಮತ್ತೆ ಸಿನಿಮಾ ಕಡೆ ಹೊರಳಿದರು. 'ಲಾಹಿರಿ ಲಾಹಿರಿ ಲಾಹಿರಿಲೋ', 'ಸೀತಯ್ಯ' ಚಿತ್ರಗಳು ಆ ಕಾಲದವು. ಕ್ರಮೇಣ ನಾಯ್ಡು ಜೊತೆ ರಾಜಿಯಾಯಿತು. 2008ರಲ್ಲಿ ತೆಲುಗುದೇಶಂ ಅವರನ್ನು ರಾಜ್ಯಸಭೆಗೆ ಕಳಿಸಿತು. 2009ರ ಚುನಾವಣೆಗೆ ಮಗ ಜೂನಿಯರ್ ಎನ್‌ಟಿಆರ್ ಊರೂರು ತಿರುಗಿ ಪ್ರಚಾರ ಮಾಡಿದರು. ಈ ಮಗನ ತಾಯಿ ಶಾಲಿನಿ ಅವರ ಊರು ಕುಂದಾಪುರ ಎಂಬುದನ್ನು ಕನ್ನಡದ ಓದುಗರಿಗೆ ಹೇಳಬೇಕಿಲ್ಲ. ಕರ್ನಾಟಕಕ್ಕೆ ಬಂದಾಗಲೆಲ್ಲ ಅವರು ಕನ್ನಡದಲ್ಲಿ ಮಾತನಾಡುವುದನ್ನು ಜನ ಕೇಳಿದ್ದಾರೆ.

ರಾಜ್ಯಸಭೆಯಲ್ಲಿ ಹರಿಕೃಷ್ಣ ಹೆಚ್ಚು ಮಾತನಾಡಿದವರಲ್ಲ. ಆದರೆ 2013ರಲ್ಲಿ ಆಂಧ್ರ ವಿಭಜನೆಯ ಚರ್ಚೆ ಎದ್ದಾಗ ತೆಲುಗಿನಲ್ಲೇ ಮಾತನಾಡುತ್ತೇನೆಂದು ಹಟ ಹಿಡಿದು ಮಾತನಾಡಿದರು. ಪೀಠದಿಂದ ಆಕ್ಷೇಪ ಬಂತು, ಅನುವಾದಕರು ಬೇಕು, ಮೊದಲೇ ತಿಳಿಸಬೇಕು ಎಂಬ ಮಾತು ಬಂತು. ಸಂಸತ್ತಿನಲ್ಲಿ ಹಿಂದಿ ಅಥವಾ ಇಂಗ್ಲಿಷ್ ನಡೆಯುತ್ತದೆ. ಅವೆರಡರಲ್ಲಿ ಸರಿಯಾಗಿ ಹೇಳಲಾಗದ ಸದಸ್ಯರಿಗೆ ಮಾತೃಭಾಷೆಯಲ್ಲಿ ಮಾತನಾಡಲು ಸಭಾಪತಿ ಅನುಮತಿ ಕೊಡಬಹುದು ಎನ್ನುತ್ತದೆ ಸಂವಿಧಾನದ 120ನೇ ವಿಧಿ. ಕಚೇರಿಯಲ್ಲಿ ಒಂದು ಭಾಷೆ, ಮನೆಯಲ್ಲಿ ಒಂದು ಭಾಷೆ ಇಟ್ಟುಕೊಂಡು ಬದುಕುವ ಗಡಿ ಜನಕ್ಕೆ ಈ ಜಗಳ ಹೊಸದೇನಲ್ಲ. ಮಡಕಶಿರಾ ಕಡೆಯ ಕನ್ನಡ ಮಾಧ್ಯಮ ಶಾಲೆಗಳ ಪೋಷಕರು ಅರ್ಜಿ ಬರೆಯುವಾಗ ಅನುಭವಿಸುವುದೂ ಇದನ್ನೇ.

ವಿಭಜನೆ ವಿರೋಧಿಸಿ ಅವರು ರಾಜೀನಾಮೆ ಕೊಟ್ಟರು, 2013ರ ಆಗಸ್ಟ್‌ನಲ್ಲಿ ಅದು ಅಂಗೀಕಾರವಾಯಿತು. ಅವಧಿ ಇನ್ನೂ ಉಳಿದಿತ್ತು. ಪಕ್ಷದ ನಾಯಕ ನಾಯ್ಡು ಎರಡೂ ಪ್ರಾಂತ್ಯಗಳನ್ನು ತೂಗಿಸಿಕೊಂಡು ಹೋಗಬೇಕಾದ ಹೊತ್ತಿನಲ್ಲಿ ಅವರು ಒಂದು ಕಡೆ ನಿಂತರು. ಮರುವರ್ಷ ಚುನಾವಣೆಯಲ್ಲಿ ಅವರು ಎಲ್ಲಿಯೂ ಕಣಕ್ಕಿಳಿಯಲಿಲ್ಲ. ಅವರು ಒಮ್ಮೆ ಗೆದ್ದಿದ್ದ ಹಿಂದೂಪುರದ ಟಿಕೆಟ್ ತಮ್ಮ ಬಾಲಕೃಷ್ಣ ಅವರಿಗೆ ಹೋಯಿತು.

ಬಾಲಕೃಷ್ಣ ಹೆಸರಾಂತ ನಟ. ಅಷ್ಟೇ ಅಲ್ಲ, ಅವರ ಮಗಳು ಬ್ರಾಹ್ಮಣಿ ನಾಯ್ಡು ಮಗ ಲೋಕೇಶ್ ಅವರ ಪತ್ನಿ. ಅಕ್ಕತಂಗಿಯ ಗಂಡ ಬೀಗನೂ ಆದ ಮೇಲೆ ಹೆಸರಿಗೂ ಸೈಕಲ್ಲಿಗೂ ಗಂಟು ಬಿದ್ದಂತಾಯಿತು. ಹರಿಕೃಷ್ಣ ಅವರಿಗೆ ಕೊನೆಯವರೆಗೂ ಕೂಡಿಬರದ ಹೊಂದಾಣಿಕೆ ಇದು.

2018ರ ಆಗಸ್ಟ್ 29ರ ಬೆಳಗಿನ ಜಾವ ಹರಿಕೃಷ್ಣ ಹೈದರಾಬಾದಿನಿಂದ ನೆಲ್ಲೂರು ಜಿಲ್ಲೆಯ ಕಡೆಗೆ, ಅಭಿಮಾನಿಯೊಬ್ಬರ ಮನೆಯ ಮದುವೆಗೆ ಹೊರಟಿದ್ದರು. ಕಾರನ್ನು ಎಂದಿನಂತೆ ತಾವೇ ಓಡಿಸುತ್ತಿದ್ದರು. ನಲ್ಗೊಂಡ ಜಿಲ್ಲೆಯಲ್ಲಿ ಅಪಘಾತವಾಯಿತು, ಉಳಿಯಲಿಲ್ಲ. ನಾಲ್ಕು ವರ್ಷದ ಹಿಂದೆ, 2014ರ ಡಿಸೆಂಬರ್‌ನಲ್ಲಿ, ಅವರ ಹಿರಿಯ ಮಗ ಜಾನಕಿರಾಂ ಸತ್ತದ್ದೂ ರಸ್ತೆ ಅಪಘಾತದಲ್ಲೇ. ಸರ್ಕಾರಿ ಗೌರವದೊಂದಿಗೆ ಹೈದರಾಬಾದಿನಲ್ಲಿ ಅಂತ್ಯಕ್ರಿಯೆ ನಡೆಯಿತು.

ಕಲ್ಯಾಣದುರ್ಗದಲ್ಲಿ ಇನ್ನೊಂದು ದಾರಿ

ಹಾಗಾದರೆ ಮನೆತನದ ಬಲವಿಲ್ಲದ, ಮಣ್ಣಿನ ಮಗನೇ ಆದ ರಾಜಕಾರಣಿಯ ಗತಿ ಏನು? ಅದಕ್ಕೆ ಹಿಂದೂಪುರದಿಂದ ವಾಯವ್ಯಕ್ಕೆ, ಪಾವಗಡ ದಾಟಿ ಕಲ್ಯಾಣದುರ್ಗಕ್ಕೆ ಹೋಗಬೇಕು.

ಎನ್. ರಘುವೀರಾ ರೆಡ್ಡಿ ಮಡಕಶಿರಾ ಮಂಡಲದ ನೀಲಕಂಠಾಪುರದವರು. ಮೂರು ಕಡೆ ಕರ್ನಾಟಕ ಸುತ್ತುವರಿದ ಸೀಮೆ ಅದು. ಕನ್ನಡ, ತೆಲುಗು ಎರಡೂ ಅವರಿಗೆ ಮನೆಮಾತಿನಷ್ಟೇ ಸಲೀಸು. 1989ರಲ್ಲಿ ಕಾಂಗ್ರೆಸ್‌ನಿಂದ ಮಡಕಶಿರಾದಲ್ಲಿ ಗೆದ್ದರು, 1999 ಮತ್ತು 2004ರಲ್ಲಿ ಮತ್ತೆ ಗೆದ್ದರು, ವೈಎಸ್ಆರ್ ಸಂಪುಟದಲ್ಲಿ ಕೃಷಿ ಮಂತ್ರಿಯಾದರು. ಅಷ್ಟರಲ್ಲಿ ಕ್ಷೇತ್ರ ಪುನರ್ವಿಂಗಡಣೆ ಬಂತು. ಅದುವರೆಗೆ ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಕಲ್ಯಾಣದುರ್ಗ ಸಾಮಾನ್ಯ ಕ್ಷೇತ್ರವಾಯಿತು, ಮಡಕಶಿರಾ ಮೀಸಲಾಯಿತು. ಇಪ್ಪತ್ತು ವರ್ಷ ಕಟ್ಟಿದ ಕ್ಷೇತ್ರವನ್ನು ಬಿಟ್ಟು ರಘುವೀರಾ 2009ರಲ್ಲಿ ಕಲ್ಯಾಣದುರ್ಗಕ್ಕೆ ಬಂದರು, ಗೆದ್ದರು, ಕಂದಾಯ ಮಂತ್ರಿಯಾದರು.

2014ರಲ್ಲಿ ರಾಜ್ಯ ಒಡೆಯಿತು. ಒಡೆದದ್ದು ಕಾಂಗ್ರೆಸ್ ಎಂದು ಆಂಧ್ರ ಸಿಟ್ಟಾಯಿತು. ಅಂಥ ಹೊತ್ತಿನಲ್ಲಿ ಆ ಪಕ್ಷದ ರಾಜ್ಯ ಅಧ್ಯಕ್ಷತೆಯನ್ನು ಹೊತ್ತವರು ಇದೇ ರಘುವೀರಾ. ಪೆನುಕೊಂಡದಲ್ಲಿ ನಿಂತು ಸೋತರು. 2019ರಲ್ಲಿ ಮತ್ತೆ ಕಲ್ಯಾಣದುರ್ಗಕ್ಕೆ ಬಂದರು. ಅದೇ ಮನುಷ್ಯ, ಅದೇ ಊರು, ಅದೇ ಮಾತು. ಹತ್ತು ವರ್ಷದ ಹಿಂದೆ ಗೆಲ್ಲಿಸಿದವರು ಮೂರನೇ ಸ್ಥಾನಕ್ಕೆ ಇಳಿಸಿದರು. ಬದಲಾದದ್ದು ಒಂದೇ: ಹಸ್ತದ ಗುರುತಿಗೆ ಆಂಧ್ರದಲ್ಲಿ ಬೆಲೆ ಉಳಿದಿರಲಿಲ್ಲ.

ಅವರು ಊರಿಗೆ ಮರಳಿ ಬೇಸಾಯ, ಊರ ದೇವಸ್ಥಾನದ ಕೆಲಸ ಎಂದು ಇದ್ದುಬಿಟ್ಟರು. 2021ರ ಪಂಚಾಯಿತಿ ಚುನಾವಣೆಯಲ್ಲಿ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಮೊಪೆಡ್‌ನಲ್ಲಿ ಮತ ಹಾಕಲು ಹೋದ ಮಾಜಿ ಕಂದಾಯ ಮಂತ್ರಿಯ ಫೋಟೋವನ್ನು ಎಲ್ಲರೂ ನೋಡಿದ್ದಾರೆ. 2023ರಲ್ಲಿ ಮತ್ತೆ ರಾಜಕೀಯಕ್ಕೆ ಬಂದರು. ಕೆಲಸ ಸಿಕ್ಕಿದ್ದು ಗಡಿಯ ಆಚೆ, ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ. ಅದೇ ವರ್ಷ ಕಾಂಗ್ರೆಸ್ ಕಾರ್ಯಕಾರಿ ಸಮಿತಿಯ ಸದಸ್ಯರೂ ಆದರು.

ಒಬ್ಬರಿಗೆ ತೆಲುಗುನಾಡಿನ ಅತಿ ದೊಡ್ಡ ಹೆಸರಿತ್ತು, ಇನ್ನೊಬ್ಬರಿಗೆ ನೆಲ ಭಾಷೆ ಎರಡೂ ಇದ್ದವು. ಗುರುತು ಕೈಬಿಟ್ಟಾಗ ಇಬ್ಬರನ್ನೂ ಮತದಾರ ಒಂದೇ ತೆರನಾಗಿ ನೋಡಿದ. ಒಂದು ವ್ಯತ್ಯಾಸ ಮಾತ್ರ ಇದೆ. ಹರಿಕೃಷ್ಣ ಅವರಿಗೆ ಸೋತ ಒಂಬತ್ತು ವರ್ಷಕ್ಕೆ ರಾಜ್ಯಸಭೆಯ ಬಾಗಿಲು ತೆರೆಯಿತು, ಮನೆಯ ಹೆಸರು ಮಾಡಿಕೊಟ್ಟ ಅನುಕೂಲ ಅದು.

ಊರಿಗೆ ಏನು ಸಿಕ್ಕಿತು?

ಕಲ್ಯಾಣದುರ್ಗ 2009ರಲ್ಲಿ ಕಾಂಗ್ರೆಸ್, 2014ರಲ್ಲಿ ತೆಲುಗುದೇಶಂ, 2019ರಲ್ಲಿ ವೈಎಸ್ಆರ್ ಕಾಂಗ್ರೆಸ್, 2024ರಲ್ಲಿ ಮತ್ತೆ ತೆಲುಗುದೇಶಂ ಎಂದು ನಾಲ್ಕು ಸಲ ನಾಲ್ವರು ಶಾಸಕರನ್ನು ಕಂಡಿತು. ಅವರಲ್ಲಿ ರಘುವೀರಾ ಮತ್ತು ಕೆ.ವಿ. ಉಷಶ್ರೀ ಚರಣ್ ಮಂತ್ರಿಗಳಾದರು. ಗಾಳಿ ಬಂದ ಕಡೆ ತಿರುಗುವ ಕ್ಷೇತ್ರವನ್ನು ಪಕ್ಷಗಳು ಓಲೈಸಲೇಬೇಕಾಗುತ್ತದೆ.

ಹಿಂದೂಪುರ ತಿರುಗುವುದಿಲ್ಲ. 2019ರಲ್ಲಿ ಜಗನ್ ಅಲೆಗೆ ತೆಲುಗುದೇಶಂ 175ರಲ್ಲಿ 23ಕ್ಕೆ ಕುಸಿದಾಗ ಅಂದಿನ ಅನಂತಪುರ ಜಿಲ್ಲೆಯ 14 ಸ್ಥಾನಗಳಲ್ಲಿ ಉಳಿದವು ಎರಡೇ: ಉರವಕೊಂಡ ಮತ್ತು ಹಿಂದೂಪುರ. 2024ರಲ್ಲಿ ಬಾಲಕೃಷ್ಣ 30 ಸಾವಿರಕ್ಕೂ ಹೆಚ್ಚು ಮತಗಳಿಂದ ಮೂರನೇ ಸಲ ಗೆದ್ದರು. ಆ ಜೂನ್‌ನಲ್ಲಿ ರಚನೆಯಾದ ಸಂಪುಟದಲ್ಲಿ ಪಕ್ಕದ ಪೆನುಕೊಂಡ, ಧರ್ಮಾವರದ ಶಾಸಕರಿಗೆ ಜಾಗ ಸಿಕ್ಕಿತು, ಹಿಂದೂಪುರಕ್ಕೆ ಸಿಗಲಿಲ್ಲ.

ಏನೂ ಆಗಲಿಲ್ಲ ಎನ್ನುವುದೂ ತಪ್ಪು. ಕುಡಿಯುವ ನೀರಿಗೆ ಕೊಡ ಸಾಲು ಹಚ್ಚುವುದು ಈ ಊರಿನ ಹಳೆಯ ಗೋಳು. ಹಂದ್ರಿ-ನೀವಾ ಯೋಜನೆಯಲ್ಲಿ ಕೃಷ್ಣಾ ನೀರು ಪೆನುಕೊಂಡ ಬಳಿಯ ಗೊಲ್ಲಪಲ್ಲಿ ಜಲಾಶಯಕ್ಕೆ ಬಂದ ಮೇಲೆ ಅಲ್ಲಿಂದ ಹಿಂದೂಪುರಕ್ಕೆ ಕೊಳವೆ ಹಾಕಿ ನೀರು ತಂದದ್ದು ಬಾಲಕೃಷ್ಣ ಅವರ ಮೊದಲ ಅವಧಿಯ ಕೆಲಸ. ಪಕ್ಷ ಅಧಿಕಾರದಲ್ಲಿತ್ತು, ಕೆಲಸವಾಯಿತು. ಅದೇ 2022ರಲ್ಲಿ ಹೊಸ ಜಿಲ್ಲೆ ಮಾಡುವಾಗ ಹಿಂದೂಪುರವನ್ನೇ ಜಿಲ್ಲಾ ಕೇಂದ್ರ ಮಾಡಬೇಕೆಂದು ಬಾಲಕೃಷ್ಣ ಮೆರವಣಿಗೆ ನಡೆಸಿ ಮೌನ ದೀಕ್ಷೆ ಕುಳಿತರು. ಆಗ ಪಕ್ಷ ವಿರೋಧದಲ್ಲಿತ್ತು. ಏಪ್ರಿಲ್ 4ರಂದು ಶ್ರೀ ಸತ್ಯಸಾಯಿ ಜಿಲ್ಲೆ ಹುಟ್ಟಿತು, ಕೇಂದ್ರ ಪುಟ್ಟಪರ್ತಿಯಾಯಿತು. ಕಲ್ಯಾಣದುರ್ಗ ಹಳೆಯ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು.

ಮಡಕಶಿರಾ, ಅಮರಾಪುರದವರು ಈಗ ಕಲೆಕ್ಟರ್ ಕಚೇರಿಗೆ ಹೋಗಬೇಕಾದರೆ ಹಿಂದೂಪುರ ಅಥವಾ ಪೆನುಕೊಂಡದ ಮೇಲೆ ಪುಟ್ಟಪರ್ತಿಯ ಬಸ್ ಹಿಡಿಯಬೇಕು. ಜಿಲ್ಲೆಯಲ್ಲೇ ದೊಡ್ಡ ಪಟ್ಟಣ, ಬೆಂಗಳೂರು-ಗುಂತಕಲ್ ರೈಲು ಮಾರ್ಗ, ಹುಣಸೆಹಣ್ಣು ಬೆಲ್ಲದ ಮಾರುಕಟ್ಟೆ ಎಲ್ಲವೂ ಇರುವ ಹಿಂದೂಪುರದಲ್ಲಿ ಅವರು ಇಳಿಯುವುದು ಬಸ್ ಬದಲಾಯಿಸಲು.